ಹೊಗೆಗೂಡು ಸರಿ ಆಗೋ ತನಕ ಬಚ್ಚಲೊಲೆಗೆ ಕಡ್ಡಿ ಗೀರಬ್ಯಾಡ್ರಿ

ದೀಪಾವಳಿಗೆ ಇನ್ನೂ ತಿಂಗಳು ಇರುವಾಗ್ಲೇ ನಮ್ಮ ಶಿವನಿ ಕಡೆ ಮನೆಮನೇಲೂ ಒಂದು ಮಾತು ಶುರುವಾಗ್ತೈತೆ. "ಈ ಸಲ ನೀರು ತುಂಬೋ ಹಬ್ಬಕ್ಕೆ ಹಂಡೆ ಒಲೆ ಹಚ್ಚೋಣ. ಸೋಲಾರ್ ನೀರು ಹುಯ್ಕೊಂಡ್ರೆ ಹಬ್ಬ ಅನ್ನಿಸಲ್ಲ." ಈ ಮಾತು ಹೇಳೋರು ಯಾರು ಅಂತ ಒಂದ್ಸಲ ನೋಡ್ರಿ. ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತು ಊದುಗೊಳವೆ ಊದೋರಲ್ಲ. ಬೆಂಗಳೂರಿಂದ ಎರಡು ದಿನಕ್ಕೆ ಬರೋ ಮಕ್ಕಳು, ಜಗಲಿ ಮೇಲೆ ಕಾಲು ಚಾಚಿ ಕೂತ ಗಂಡಸರು. ಊದೋರು ನಾವು, ಸೆರಗಲ್ಲಿ ಕಣ್ಣು ಒರೆಸ್ಕೊಳ್ಳೋರು ನಾವು, ಕೊನೇಗೆ ಆರಿದ ನೀರು ಹುಯ್ಕೊಳ್ಳೋರೂ ನಾವೇ.

ಹಂಡೆ ಒಲೆ ಬ್ಯಾಡ ಅನ್ನೋಕೆ ನಾನಿದನ್ನ ಬರೀತಿಲ್ಲ ಕಣ್ರವ್ವ. ಮೋಡ ಮುಚ್ಚಿದ ದಿನ ಸೋಲಾರ್ ಕೈ ಕೊಡ್ತೈತೆ, ಕರೆಂಟು ಬೇಕಾದಾಗ ಇರಲ್ಲ, ತೋಟದಾಗೆ ತೆಂಗಿನ ಗರಿ, ಮಟ್ಟೆ, ಅಡಿಕೆ ಸೋಗೆ ಸುಮ್ನೆ ಕೊಳೀತಾ ಬಿದ್ದಿರ್ತಾವೆ. ಒಲೆ ಬೇಕು, ನಾನೂ ಒಪ್ತೀನಿ. ನನ್ನ ಜಗಳ ಇರೋದು ಒಂದೇ ವಿಷಯಕ್ಕೆ. ವರ್ಷಗಟ್ಟಲೆ ಮುಚ್ಚಿದ್ದ ಒಲೆ ಬಾಯಿ ತೆಗೆಯೋಕೆ ಎಲ್ಲಾರೂ ಮುಂದೆ ಬರ್ತಾರೆ. ಅದರ ಹೊಗೆ ಹೋಗೋ ದಾರಿ ಏನಾಗೈತೆ ಅಂತ ಒಬ್ಬರೂ ಮೇಲೆ ಹತ್ತಿ ನೋಡಲ್ಲ. ಹೊಗೆಗೂಡು ಸರಿ ಆಗದೆ ಒಲೆ ಹಚ್ಚಬಾರದು. ಹಚ್ಚು ಅಂತ ಹಟ ಮಾಡಿದೋರಿಗೆ, "ನೀವೇ ಹಚ್ಚಿ, ನೀವೇ ಬಾಗ್ಲು ಹಾಕ್ಕೊಂಡು ಮೊದಲು ಸ್ನಾನ ಮಾಡ್ಕೊಂಡು ಬನ್ನಿ" ಅನ್ರಿ.

ಇಷ್ಟು ಖಾರವಾಗಿ ಯಾಕೆ ಹೇಳ್ತೀನಿ ಅಂದ್ರೆ, ಹೋದ ವರ್ಷ ನಮ್ಮನೇಲಿ ಆಗಿದ್ದನ್ನ ಕೇಳ್ರಿ. ಸೋಲಾರ್ ಬಂದ ಮೇಲೆ ನಮ್ಮ ಬಚ್ಚಲೊಲೆ 11 ವರ್ಷ ಮುಚ್ಚೇ ಇತ್ತು. ಬಾಯಿಗೆ ಇಟ್ಟಿಗೆ ಇಟ್ಟು ಮಣ್ಣು ಮೆತ್ತಿದ್ವಿ, ಮಳೆ ನೀರು ಇಳೀದಿರಲಿ ಅಂತ ಮೇಲೆ ಕೊಳವೆಗೆ ಗೋಣಿತಾಟು ತುರುಕಿದ್ವಿ. ಆಮೇಲೆ ಮನೆ ರಿಪೇರಿ ಆಯ್ತು. ಬಚ್ಚಲ ಹೆಂಚು ತೆಗೆದು ಮೋಲ್ಡ್ ಹಾಕಿಸಿದ್ರು, ಗೋಡೆಗೆ ಟೈಲ್ಸ್ ಬಂತು, ಕಿಟಕಿಗೆ ಗಾಜು ಬಂತು. ಹಬ್ಬದ ಹಿಂದಿನ ದಿನ ನಮ್ಮನೆಯವರು ಇಟ್ಟಿಗೆ ಕಿತ್ತು, ತಾಟು ಎಳೆದು ಒಲೆ ಹಚ್ಚಿದ್ರು. ಹೊಗೆ ಎಲ್ಲಾ ಬಚ್ಚಲಿಗೇ ವಾಪಸ್ಸು ಬಂತು. "ಕೊಳವೆ ತಣ್ಣಗೈತೆ, ಬಿಸಿಯಾದ್ರೆ ತಾನೇ ಎಳೀತೈತೆ" ಅಂದ್ರು. ಒಂದು ಗಂಟೆ ಆದ್ಮೇಲೆ ಹೊಗೆ ಕಡಿಮೆ ಆಯ್ತು. ಎಳೀತು ಅಂತ ನಾವೆಲ್ಲಾ ಅನ್ಕೊಂಡ್ವಿ. ಎಳೆದಿರಲಿಲ್ಲ. ಸೌದೆ ಉರಿದು ಕೆಂಡ ಆಗಿತ್ತು, ಅಷ್ಟೇ.

ನಮ್ಮತ್ತೆ ಸ್ನಾನಕ್ಕೆ ಹೋದ್ರು. ವಯಸ್ಸಾದೋರು, ಚಳಿ ಅಂತ ಬಾಗ್ಲೂ ಕಿಟಕೀನೂ ಮುಚ್ಕೊಂಡ್ರು. ಒಳಗೆ ಹೊಗೆ ಇಲ್ಲ, ಘಾಟು ಇಲ್ಲ, ಬೆಚ್ಚಗೆ ಹಿತವಾಗಿತ್ತು. ಕಾಲು ಗಂಟೆ ಆದ್ರೂ ತಂಬಿಗೆ ಸದ್ದೇ ಇಲ್ಲ. ಕೂಗಿದೆ, ಓಗೊಡಲಿಲ್ಲ. ಬಾಗ್ಲು ತಳ್ಳಿದ್ರೆ ಗೋಡೆಗೆ ಒರಗಿ ಕೂತಿದ್ರು, ಕಣ್ಣು ಬಿಟ್ಟಿದ್ರು, ಮಾತು ತೊದಲ್ತಿತ್ತು. ಎತ್ತಿ ಅಂಗಳಕ್ಕೆ ತಂದ್ವಿ, ವಾಂತಿ ಮಾಡ್ಕೊಂಡ್ರು. ಆಸ್ಪತ್ರೆಲಿ ಆಕ್ಸಿಜನ್ ಇಟ್ಟ ಮೇಲೆ ತಿಳಿಯಾದ್ರು. ಡಾಕ್ಟರು ನಮ್ಮನ್ನ ಕೇಳಿದ್ದು ಒಂದೇ ಮಾತು: "ಆ ಒಲೆ ಹೊಗೆ ಎಲ್ಲಿಂದ ಆಚೆ ಹೋಗ್ತೈತೆ?" ಅಲ್ಲಿ ನಿಂತಿದ್ದ ನಾಲ್ಕು ಜನದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಈಗ ಅತ್ತೆ ಚೆನ್ನಾಗವ್ರೆ. ಆದ್ರೆ ಆ ತೊದಲು ಮಾತು ನನ್ನ ಕಿವಿಯಿಂದ ಹೋಗಿಲ್ಲ.

ನಾವೆಲ್ಲಾ ಹೊಗೆಗೆ ಹೆದರ್ತೀವಿ, ಕೆಂಡಕ್ಕೆ ಹೆದರಲ್ಲ. ಹೊಗೆ ಕಣ್ಣು ಉರಿಸಿ ಆಚೆಗಾದ್ರೂ ಓಡಿಸ್ತೈತೆ. ಕೆಂಡದಿಂದ ಬರೋ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಅದು ಮೈಯಾಗಿನ ರಕ್ತಕ್ಕೆ ಅಂಟ್ಕೊಂಡು ಪ್ರಾಣವಾಯು ಸೇರೋಕೆ ಜಾಗ ಬಿಡಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬರ್ತಾವೆ, ಆಮೇಲೆ ಕಾಲಲ್ಲಿ ಶಕ್ತಿ ಇರಲ್ಲ. ಬಾಗ್ಲು ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕ್ಕೊಂಡು ಜನ ಸತ್ತ ಸುದ್ದಿ ಪೇಪರಲ್ಲಿ ಓದ್ತೀವಲ್ಲ, ಅಲ್ಲೂ ಬಹಳ ಸಲ ಇದೇ ಗಾಳಿ. ಗೀಸರ್ ಆದ್ರೆ ಹೆದರ್ತೀವಿ, ಹಂಡೆ ಒಲೆ ಆದ್ರೆ "ಹಿರಿಯರ ಕಾಲದ್ದು, ಏನೂ ಆಗಲ್ಲ" ಅಂತೀವಿ.

ಇಲ್ಲಿ ಬರ್ತೈತೆ ನೋಡ್ರಿ ಎಲ್ಲಾರ ಬಾಯಲ್ಲೂ ಇರೋ ಮಾತು. "ನಮ್ಮಜ್ಜಿ ಕಾಲದಾಗೆ ಯಾವ ಹೊಗೆಗೂಡು ಇತ್ತು? ಅವರೆಲ್ಲಾ ಬದುಕಲಿಲ್ವಾ?" ಅಜ್ಜಿ ಕಾಲದಾಗೆ ಇಡೀ ಸೂರೇ ಹೊಗೆಗೂಡು ಕಣಪ್ಪ! ನಾಡ ಹೆಂಚಿನ ಸಂದಿಸಂದೀಲಿ ಹೊಗೆ ಆಚೆ ಹೋಗ್ತಿತ್ತು. ಬೆಳಗ್ಗೆ ಹೊತ್ತು ದೂರದಿಂದ ನೋಡಿದ್ರೆ ಹೆಂಚಿನ ಮೇಲೆಲ್ಲಾ ಹಬೆ ಆಡಿದಂಗೆ ಕಾಣ್ತಿತ್ತು, ನಂಗೆ ನೆನಪೈತೆ. ಬಚ್ಚಲ ಬಾಗ್ಲು ಅಂದ್ರೆ ಮೊಣಕಾಲಿಗೆ ಗಾಳಿ ಬೀಸೋ ಹಲಗೆ. ಈಗ ನಾವು ಮೇಲೆ ಮೋಲ್ಡ್ ಹಾಕಿ, ಕಿಟಕಿಗೆ ಗಾಜು ಹಾಕಿ, ಬಾಗ್ಲಿಗೆ ಫೈಬರ್ ಹಾಕಿ ಡಬ್ಬಿ ಮಾಡಿಟ್ಟಿದೀವಿ. ಮನೆ ಬದಲಾಯ್ತು, ಒಲೆ ಮಾತ್ರ ಹಳೇದೇ ಬೇಕು ಅಂದ್ರೆ ಹೆಂಗೆ? ಇನ್ನು ಅಜ್ಜಿಯರು ಬದುಕಿದ್ರು ಅನ್ನೋದು. ಐವತ್ತಕ್ಕೇ ಕಣ್ಣಿಗೆ ಪೊರೆ ಬಂದ ಎಷ್ಟು ಅಜ್ಜಿಯರನ್ನ ನೋಡಿಲ್ಲ ನಾವು? ರಾತ್ರಿ ಎಲ್ಲಾ ಕೆಮ್ಮೋ ದೊಡ್ಡವ್ವನ್ನ "ಅವಳಿಗೆ ಗೂರಲು" ಅಂತ ನಡುಮನೆಯಾಚೆ ಮಲಗಿಸಿರಲಿಲ್ವಾ? ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದ ಪ್ರಕಾರ 2020ರಲ್ಲಿ ಮನೆ ಒಳಗಿನ ಹೊಗೆಯಿಂದ ಪ್ರಪಂಚದಾಗೆ ಸುಮಾರು 32 ಲಕ್ಷ ಜನ ಸತ್ರು. ಅವರೂ ಯಾರದೋ ಮನೆ ಅಜ್ಜಿ, ಅವ್ವ, ಮಗು.

ಹೊಗೆಗೂಡು ಅನ್ನೋದು ನಮಗೆ ಹೊಸದೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೇಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಮತ್ತೆ ಜೊತೆಗಾರರು ಹಳ್ಳಿ ಕೆಲಸಕ್ಕೇ ಅಂತ "ಅಸ್ತ್ರ" ಅನ್ನೋ ವಿಭಾಗ ಕಟ್ಟಿದ್ರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರದೊಂದು ಕೇಂದ್ರ ಇತ್ತು. ಅಲ್ಲಿಂದ ಬಂದಿದ್ದೇ ಮೂರು ಪಾತ್ರೆ ಕೂರೋ, ಹೊಗೆಕೊಳವೆ ಇರೋ ಅಸ್ತ್ರ ಒಲೆ. 1983ರಿಂದ ಕೇಂದ್ರ ಸರ್ಕಾರವೂ ಸುಧಾರಿಸಿದ ಒಲೆ ಅಂತ ದೇಶದ ತುಂಬಾ ಕಟ್ಟಿಸ್ತು, 2002ರಲ್ಲಿ ಆ ಯೋಜನೆ ನಿಲ್ತು. ಒಲೆ ಕಟ್ಟೋರು ಬಂದು ಕಟ್ಟಿ ಹೋದ್ರು. ಕೊಳವೆ ಯಾರು ಗುಡಿಸಬೇಕು, ಬಿರುಕು ಬಿಟ್ರೆ ಯಾರು ಸರಿ ಮಾಡ್ಬೇಕು ಅನ್ನೋದು ಮಾತ್ರ ಮನೇಲಿ ಯಾರ ಪಾಲಿಗೂ ಬರಲಿಲ್ಲ. ಹೆಂಗಸು ಸೂರಿನ ಮೇಲೆ ಹತ್ತಬಾರದು, ಗಂಡಸಿಗೆ ಒಲೆ ತನ್ನ ಕೆಲಸ ಅಲ್ಲ. ಹಿಂಗಾಗಿ ಕೊಳವೆ ಕಟ್ಕೊಂಡ್ತು, ಒಲೆ ಹೊಗೆಯಾಡ್ತು, "ಈ ಒಲೆ ಸರಿ ಇಲ್ಲ" ಅಂತ ಒಡೆದು ಹಾಕಿದ್ವಿ. ಕೆಟ್ಟಿದ್ದು ಒಲೆ ಅಲ್ಲ.

ನಮ್ಮ ಕೊಳವೆ ಬಿಚ್ಚಿದಾಗ ಏನೇನು ಸಿಕ್ತು ಗೊತ್ತಾ? ಗೊರವಂಕದ ಗೂಡು, ಒಣಗಿದ ಅಳಿಲು, ಅರ್ಧ ಗೋಣಿತಾಟು (ಎಳೆದಾಗ ಹರಿದು ಒಳಗೇ ಉಳಿದಿತ್ತು), ಅದರ ಕೆಳಗೆ ಬೆರಳು ದಪ್ಪ ಇಲ್ಲಣ, ಟಾರಿನ ಹಾಗೆ ಹೊಳೆಯೋ ಕರಿ. ಹಸಿ ಸೌದೆ, ಹಸಿ ಮಟ್ಟೆ ಉರಿಸಿದಾಗ ಹೊಗೆ ತಣ್ಣನೆ ಕೊಳವೆಗೆ ತಾಗಿ ಹಿಂಗೆ ಕಟ್ಕೊಳ್ತೈತೆ. ಅದಕ್ಕೇ ಬೆಂಕಿ ಹತ್ಕೊಂಡ್ರೆ ಕೊಳವೆ ಒಳಗೇ ಧಗಧಗ ಉರೀತೈತೆ. ಇನ್ನೂ ದೊಡ್ಡ ವಿಷಯ ಗೋಡೇಲಿತ್ತು. ನಮ್ಮದು ಕೆಳಗೆ ಇಟ್ಟಿಗೆ ಗೂಡು, ಮೇಲೆ ಸಿಮೆಂಟ್ ಕೊಳವೆ. ಇಟ್ಟಿಗೆ ಸಂದಿಯ ಮಣ್ಣು ಉದುರಿ, ಪಕ್ಕದ ಅಟ್ಟಕ್ಕೆ ಬೆರಳು ತೂರೋವಷ್ಟು ತೂತು ಬಿದ್ದಿದ್ವು. ಆ ಅಟ್ಟದಾಗೆ ಏನಿತ್ತು? ಕೊಬ್ಬರಿ, ಖಾಲಿ ಚೀಲ, ಹಳೇ ಹಾಸಿಗೆ. ಒಂದು ಕಿಡಿ ಸಾಕಾಗಿತ್ತು.

ನಿಮ್ಮನೇದು ಹೆಂಗೈತೆ ಅಂತ ನೋಡೋಕೆ ದೊಡ್ಡ ವಿದ್ಯೆ ಬ್ಯಾಡ. ಮೊದಲು ಮೇಲಿಂದ ಹಗ್ಗಕ್ಕೆ ಈಚಲು ಗರಿ ಕಟ್ಟು ಕಟ್ಟಿ, ತುದಿಗೆ ಭಾರಕ್ಕೆ ಕಲ್ಲು ಕಟ್ಟಿ, ಇಳಿಬಿಟ್ಟು ಮೇಲೆ ಕೆಳಗೆ ಎಳೆದು ಗುಡಿಸಬೇಕು. ಗುಡಿಸೋರು ಬಾಯಿ ಮೂಗಿಗೆ ಬಟ್ಟೆ ಕಟ್ಕೋಬೇಕು, ಆಮೇಲೆ ಮೈ ಕೈ ಉಜ್ಜಿ ತೊಳೀಬೇಕು. ಮಸಿ ಮೈಗೆ ಅಂಟಿದ್ರೆ ಏನಾಗ್ತೈತೆ ಅಂತ ಹಾಸ್ಯ ಮಾಡ್ಬ್ಯಾಡ್ರಿ. ಲಂಡನ್ನಿನಲ್ಲಿ ಹೊಗೆಗೂಡು ಗುಡಿಸೋ ಹುಡುಗರಿಗೆ ದೊಡ್ಡವರಾದ ಮೇಲೆ ಚರ್ಮದ ಕ್ಯಾನ್ಸರ್ ಬರೋದು ಮಸಿಯಿಂದ ಅಂತ ಪರ್ಸಿವಲ್ ಪಾಟ್ ಅನ್ನೋ ವೈದ್ಯರು 1775ರಲ್ಲೇ ಬರೆದಿಟ್ರು. ಗುಡಿಸಿದ ಮೇಲೆ ಒಲೆ ಬಾಯಲ್ಲಿ ಊದುಕಡ್ಡಿ ಹಿಡೀರಿ. ಹೊಗೆ ಒಳಗೆ ಎಳ್ಕೊಂಡು ಹೋದ್ರೆ ದಾರಿ ಐತೆ, ನಿಮ್ಮ ಮುಖಕ್ಕೆ ಬಂದ್ರೆ ಇಲ್ಲ. ಮೂರನೇದು ಸೋರಿಕೆ ನೋಡೋದು. ಬಾಗ್ಲು ಕಿಟಕಿ ಎಲ್ಲಾ ತೆರೆದಿಟ್ಟು, ಒಲೇಲಿ ನಾಲ್ಕು ಹಸಿ ಗರಿ ಹೊಗೆ ಹಾಕಿ, ಮೇಲೆ ಕೊಳವೆ ಬಾಯಿಗೆ ಒದ್ದೆ ಗೋಣಿ ಮುಚ್ಚಿಸಿ. ಒಬ್ಬರು ಅಟ್ಟದಾಗೆ, ಒಬ್ಬರು ಗೋಡೆ ಹಿಂದೆ ನಿಂತು ನೋಡ್ರಿ. ಎಲ್ಲಿ ಹೊಗೆ ನುಸುಳ್ತೈತೋ ಅಲ್ಲೆಲ್ಲಾ ತೂತೈತೆ. ನೋಡಿದ ಕೂಡ್ಲೇ ಗೋಣಿ ತೆಗೆಸೋದು ಮರೀಬ್ಯಾಡ್ರಿ.

ತೂತು ಐತೆ ಅಂದ ಕೂಡ್ಲೇ ಮೇಸ್ತ್ರಿ ಹೇಳೋದು ಒಂದೇ: "ಒಂದು ಬಾಂಡಲಿ ಸಿಮೆಂಟ್ ಬಳಿದ್ರೆ ಆಯ್ತು ಬಿಡವ್ವ." ಆಗಲ್ಲ. ಸಿಮೆಂಟ್ ಗಾರೆ ಒಲೆ ಬಿಸಿಗೆ ಕಾದು, ಆರಿ, ಕಾದು, ಆರಿ ಬಿರುಕು ಬಿಡ್ತೈತೆ. ಇನ್ನೊಬ್ಬ ಜಾಣರು ಉಳಿದ ಪಿವಿಸಿ ಪೈಪ್ ತಂದು ಸಿಕ್ಕಿಸ್ತಾರೆ. ಬೋರ್‌ವೆಲ್ ಪೈಪು ಬಿಸಿ ನೀರಿಗೇ ಮೆತ್ತಗಾಗೋ ಜಾತಿ, ಅದರಾಗೆ ಹೊಗೆ ಬಿಟ್ರೆ ಬಾಗ್ತೈತೆ, ಕರಗ್ತೈತೆ, ಅದು ಸುಟ್ಟ ಗಾಳಿ ಸೌದೆ ಹೊಗೆಗಿಂತ ಕೆಟ್ಟದ್ದು.

ಹಳೇ ಬೂದು ಸಿಮೆಂಟ್ ಕೊಳವೆ ಬಗ್ಗೆ ಬೇರೆ ಹೇಳ್ಬೇಕು. ಅದು ಬರೀ ಸಿಮೆಂಟ್ ಅಲ್ಲ, ಸಿಮೆಂಟ್ ಶೀಟಿನ ಹಾಗೆ ಆಸ್‌ಬೆಸ್ಟಾಸ್ ನಾರು ಕಲೆಸಿ ಮಾಡಿದ್ದು. ಸುಮ್ನೆ ಇದ್ದಾಗ ತೊಂದರೆ ಕಡಿಮೆ. ಒಡೆದಾಗ, ಕೊಯ್ದಾಗ, ಉಜ್ಜಿದಾಗ ಏಳೋ ಧೂಳು ಪುಪ್ಪುಸದಾಗೆ ಕೂತು ಎಷ್ಟೋ ವರ್ಷದ ಮೇಲೆ ಕ್ಯಾನ್ಸರ್ ತರ್ತೈತೆ. ಯುರೋಪಿನ ಒಕ್ಕೂಟದ ದೇಶಗಳು 2005ರಿಂದ ಇದನ್ನ ಪೂರ್ತಿ ನಿಷೇಧ ಮಾಡಿದಾವೆ, ನಮ್ಮಲ್ಲಿ ಇನ್ನೂ ಶೀಟ್ ಮಾರ್ತಾರೆ. ನಮ್ಮ ಮೇಸ್ತ್ರಿ ಸುತ್ತಿಗೆ ಎತ್ತಿದ್ದ, ನಾನು ಕೈ ಹಿಡಿದೆ. ಕೊಳವೆಗೆ ಚೆನ್ನಾಗಿ ನೀರು ಹುಯ್ದು ನೆನೆಸಿ, ಪಟ್ಟಿ ಬಿಚ್ಚಿ, ಇಡಿಯಾಗೇ ಇಳಿಸಿದ್ವಿ. ದಪ್ಪ ಪ್ಲಾಸ್ಟಿಕ್ಕಲ್ಲಿ ಸುತ್ತಿ, ಯಾರೂ ಉಳದಿರೋ ಮೂಲೇಲಿ ಆಳಕ್ಕೆ ಹೂತ್ವಿ. ಅದನ್ನ ಒಡೆದು ಅಂಗಳಕ್ಕೆ ಮಟ್ಟ ಹಾಕೋರು, ಮಕ್ಕಳ ಕೈಗೆ ಆಡೋಕೆ ಕೊಡೋರು ಇದಾರೆ. ದಯವಿಟ್ಟು ಬ್ಯಾಡ್ರವ್ವ.

ಹಂಗಾದ್ರೆ ಏನು ಮಾಡ್ಬೇಕು? ಇಟ್ಟಿಗೆ ಗೂಡು ಗಟ್ಟಿ ಇದ್ದು ಸಂದಿ ಮಾತ್ರ ಉದುರಿದ್ರೆ, ಸುಣ್ಣ, ಮರಳು, ಇಟ್ಟಿಗೆ ಪುಡಿ ಕಲೆಸಿದ ಹಳೇ ಗಾರೇಲಿ ಒಳಗೆಲ್ಲಾ ಮೆತ್ತಿಸಬೇಕು. ಇಂಗ್ಲೆಂಡಿನವರು ಹಳೇ ಕಾಲದಾಗೆ ಹೊಗೆಗೂಡಿನ ಒಳಮೈಗೆ ಏನು ಮೆತ್ತತಿದ್ರು ಗೊತ್ತಾ? ಸುಣ್ಣದ ಗಾರೆಗೆ ಸಗಣಿ ಕಲೆಸಿ! ಬಿಸಿಗೆ ಬಿರಿಯಲ್ಲ ಅಂತ. ಅಮೃತ್ ಮಹಲ್ ದನ ಸಾಕಿದ ಅಜ್ಜಂಪುರದ ಸೀಮೆಯೋರು ನಾವು, ನಮಗೇ ಮರೆತು ಹೋಗೈತೆ. ಹಿತ್ತಲ ಗಿಡ ಮದ್ದಲ್ಲ ಅಂದಂಗೆ. ಆದ್ರೆ ಅವರೂ ಬರೀ ಗಾರೆಗೆ ನಿಲ್ಲಲಿಲ್ಲ. ವರ್ಷ ಕಳೆದಂಗೆ ಅದು ಉದುರ್ತೈತೆ ಅಂತ ಗೊತ್ತಾಗಿ, 1960ರ ದಶಕದಿಂದ ಹೊಸ ಮನೆ ಹೊಗೆಗೂಡಿಗೆಲ್ಲಾ ಒಳಗೊಂದು ಕೊಳವೆ ಇರಲೇಬೇಕು ಅಂತ ಕಾನೂನೇ ಮಾಡಿದ್ರು.

ನಾವೂ ಅದನ್ನೇ ಮಾಡಿಸಿದ್ವಿ. ಇಟ್ಟಿಗೆ ಗೂಡಿನ ಒಳಗೆ ಮೇಲಿಂದ ಒಂದು ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಇಳಿಸಿದ್ವಿ. ಸತುವು ಬಳಿದ ತಗಡು ಅಗ್ಗ ಸಿಗ್ತೈತೆ, ಆದ್ರೆ ಒಲೆ ಹತ್ರದ ಬಿಸಿಗೆ ಆ ಸತುವು ನಿಲ್ಲಲ್ಲ. ಕೊಳವೆ ತುಂಡು ಜೋಡಿಸೋವಾಗ ಮೇಲಿನ ತುಂಡಿನ ತುದಿ ಕೆಳಗಿನದರ ಒಳಗೆ ಕೂರಬೇಕು. ಆಗ ಇಳಿಯೋ ಕರಿ ನೀರು ಒಳಗೇ ಒಲೆಗೆ ಇಳೀತೈತೆ, ಗೋಡೆಗೆ ಸೋರಲ್ಲ. ಆದಷ್ಟೂ ನೆಟ್ಟಗಿರಬೇಕು, ಸೊಟ್ಟ ಮಾಡಿದಷ್ಟೂ ಎಳೆತ ಕಡಿಮೆ. ಮೋಲ್ಡಿನ ಅಂಚುಗೋಡೆಗಿಂತ ಮೂರಡಿ ಆದ್ರೂ ಮೇಲೆ ಹೋಗಬೇಕು, ಇಲ್ಲಾಂದ್ರೆ ಗಾಳಿ ತಿರುಗಿ ಹೊಗೆ ಕೆಳಗೆ ತಳ್ತೈತೆ. ಮೇಲೊಂದು ತಗಡಿನ ಟೋಪಿ, ಹಕ್ಕಿ ಗೂಡು ಕಟ್ಟದಂಗೆ ಸುತ್ತ ಜಾಲರಿ. ಮರದ ತೊಲೆ, ರೀಪರು ಕೊಳವೆಗೆ ತಾಗಬಾರದು. ಕೆಳಗೆ ಮಸಿ ತೆಗೆಯೋಕೆ ಮುಚ್ಚಳ ಇರೋ ಒಂದು ಕಿಂಡಿ. ಎಲ್ಲಕ್ಕಿಂತ ಹೆಚ್ಚಾಗಿ, ಬಚ್ಚಲ ಗೋಡೇಲಿ ನೆಲದ ಹತ್ರ ಒಂದು, ಮೇಲೊಂದು, ಯಾರೂ ಮುಚ್ಚೋಕಾಗದ ಗಾಳಿ ಕಿಂಡಿ. ಒಳಗೆ ಗಾಳಿ ಬರದಿದ್ರೆ ಎಂಥ ಹೊಗೆಗೂಡೂ ಹೊಗೆ ಎಳೆಯಲ್ಲ.

ಈಗ ದುಡ್ಡಿನ ಮಾತು. ಕೊಳವೆ, ಗಾರೆ, ಕೂಲಿ ಎಲ್ಲಾ ಸೇರಿ ನಮಗೆ 18,500 ರೂಪಾಯಿ ಆಯ್ತು. "ಬಚ್ಚಲಿಗೆ ಇಷ್ಟಾ?" ಅಂತ ಮನೇಲಿ ಮೂರು ದಿನ ಮುಖ ಊದಿಸ್ಕೊಂಡಿದ್ರು. ಅದೇ ವರ್ಷ ಮುಂದಿನ ಗೇಟಿಗೆ 62,000 ಕೊಟ್ಟಾಗ ಯಾರೂ ತುಟಿ ಬಿಚ್ಚಿರಲಿಲ್ಲ. ಗೇಟು ದಾರೀಲಿ ಹೋಗೋರಿಗೆ ಕಾಣ್ತೈತೆ. ಹೊಗೆಗೂಡು ಯಾರಿಗೂ ಕಾಣಲ್ಲ, ಅದರ ಕೆಳಗೆ ಕೂತೋರೂ ಯಾರಿಗೂ ಕಾಣಲ್ಲ. ನನ್ನ ಸಿಟ್ಟು ಇಲ್ಲೇ ಇರೋದು. ನೆಂಟರು ಕೂರೋ ಪಡಸಾಲೆಗೆ ಗ್ರಾನೈಟ್ ಬೇಕೇ ಬೇಕು, ಹೆಂಗಸರು ದಿನಾ ಉಸಿರಾಡೋ ಜಾಗದ ಖರ್ಚು ಮಾತ್ರ "ಮುಂದಿನ ವರ್ಷ ನೋಡೋಣ."

ತಪ್ಪು ನಮ್ಮದೂ ಐತೆ, ಅದನ್ನೂ ಹೇಳಿಬಿಡ್ತೀನಿ. ಹೊಗೆ ಬಂದ್ರೆ ಕಣ್ಣು ಒರೆಸ್ಕೊಂಡು ಸುಮ್ನಾಗೋದನ್ನ ನಾವೇ ಗುಣ ಅನ್ಕೊಂಡಿದೀವಿ. ಹೊಸ ಸೊಸೆ ಕೆಮ್ಮಿದ್ರೆ "ನಾವು ಊದಿಲ್ವಾ ತಾಯಿ?" ಅಂತ ನಾವೇ ಕೊಂಕು ತೆಗೀತೀವಿ. ನಾವು ನುಂಗಿದ ಹೊಗೆಯನ್ನ ಅವಳೂ ನುಂಗಲಿ ಅನ್ನೋದು ಯಾವ ಸಂಸ್ಕಾರ?

ಒಂದು ಮಾತು ನಿಜ. ಅಟ್ಟಕ್ಕೆ ಹೊಗೆ ತಾಗಿದ್ರೆ ಮರಕ್ಕೆ ಹುಳ ಹಿಡಿಯಲ್ಲ, ಕೊಬ್ಬರಿ ಕೆಡಲ್ಲ, ಹೊಗೆ ಎಲ್ಲಾ ಆಚೆ ಬಿಟ್ರೆ ಅದು ತಪ್ಪಿತು ಅಂತ ದೊಡ್ಡವರು ಹೇಳ್ತಾರೆ. ಒಪ್ಪಿದೆ. ಆದ್ರೆ ಕೊಬ್ಬರಿ ಕಾಯೋಕೆ ಹಿತ್ತಲಲ್ಲಿ ಒಂದು ಗೂಡು ಕಟ್ಕೊಳ್ಳಬಹುದು. ಅತ್ತೆ ಪುಪ್ಪುಸವನ್ನ ಕೊಬ್ಬರಿ ಜೊತೆ ಒಣಗಿಸೋದು ಬ್ಯಾಡ.

ಈಗ ನಮ್ಮನೇಲಿ ಒಂದು ಕಟ್ಟಳೆ ಆಗೈತೆ. ಮಹಾಲಯ ಅಮಾವಾಸ್ಯೆ ಕಳೆದ ಕೂಡ್ಲೇ ಹೊಗೆಗೂಡು ಗುಡಿಸೋದು ನಮ್ಮನೆಯವರ ಕೆಲಸ, ಹಂಡೆ ಬೆಳಗಿ ಕೆಮ್ಮಣ್ಣು ಸುಣ್ಣ ಬಳಿಯೋದು ನನ್ನ ಕೆಲಸ. ಅವರದ್ದು ಆಗದೆ ನನ್ನದು ಶುರುವಾಗಲ್ಲ. ಒಂದು ಬೇಸಿಗೆ ಪೂರ್ತಿ ಒಣಗಿದ ಸೌದೆ ಮಾತ್ರ ಒಲೆಗೆ. ಕೆಂಡ ಇರೋವಾಗ ಬಾಗ್ಲು ಪೂರ್ತಿ ಮುಚ್ಚಿ ಯಾರೂ ಸ್ನಾನಕ್ಕೆ ಹೋಗೋ ಹಾಗಿಲ್ಲ. ಬೇಕಾದ್ರೆ ಸೀರೆ ಅಡ್ಡ ಕಟ್ಕೊಳ್ಳಲಿ. ಈ ಸಲ ಮೊದಲ ನೀರು ನಮ್ಮತ್ತೆಗೇ ಹುಯ್ದೆ. ಕಿಂಡಿಯಿಂದ ತಣ್ಣಗೆ ಗಾಳಿ ಬರ್ತೈತೆ ಅಂತ ಗೊಣಗಿದ್ರು. ಗೊಣಗಲಿ ಬಿಡ್ರಿ, ಗೊಣಗೋಕೆ ಅವರಿದಾರಲ್ಲ.

ಯಾರಿಗಾದ್ರೂ ನೋಡ್ಬೇಕು ಅನ್ನಿಸಿದ್ರೆ ಸಂಜೆ ಹೊತ್ತು ನಮ್ಮನೆಗೆ ಬನ್ರಿ, ಮೇಲೆ ಹತ್ತಿಸಿ ತೋರಿಸ್ತೀನಿ. ಬರೋವಾಗ ನಿಮ್ಮನೆಯವರನ್ನೂ ಕರ್ಕೊಂಡು ಬನ್ರಿ. ನೋಡಬೇಕಾದೋರು ಅವರೇ.